ತೆರೆದ ನಾಣ್ಯದ ಮುಂದೆ ಮಾತಾಡಬಾರದು

ಫೆಬ್ರವರಿ ೯

ಮಾವನಿಗೆ,

ಕ್ಷೇಮ ಎಂದು ಬರೆದು ಶುರು ಮಾಡಬೇಕು. ನಾನು ಕ್ಷೇಮವಾಗಿಲ್ಲ, ನೀವು ಹೇಗಿದ್ದೀರೋ ಗೊತ್ತಿಲ್ಲ, ಹಾಗಾಗಿ ಆ ಸಾಲನ್ನು ಬಿಟ್ಟು ನೇರ ವಿಷಯಕ್ಕೆ ಬರುತ್ತೇನೆ. ಇವರು ಹೋದರು. ಅಕ್ಟೋಬರಿನಲ್ಲಿ. ತಿಳಿಸಲಿಲ್ಲ ಎಂದು ಬೈಯಬೇಡಿ. ನಮ್ಮ ಮನೆಗೂ ನಿಮಗೂ ಹೋಗಿಬರುವುದು ನಿಂತು ಎಷ್ಟೋ ವರ್ಷವಾಗಿತ್ತು. ಯಾರಿಗೆ ಹೇಳಬೇಕು, ಯಾರನ್ನು ಬಿಡಬೇಕು ಎಂದು ಯೋಚಿಸುವಷ್ಟು ತಲೆ ಆಗ ನನಗಿರಲಿಲ್ಲ. ಹೇಗೆ ಹೋದರು ಎಂಬುದನ್ನು ಈಗ ಬರೆಯಲಾರೆ.

ಇದನ್ನು ನಿಮ್ಮ ಅಕ್ಕನ ಮಗಳಾಗಿ ಬರೆಯುತ್ತಿಲ್ಲ, ನಾಣ್ಯ ಪರೀಕ್ಷಕರ ಬಳಿ ಬಂದ ಗಿರಾಕಿಯಾಗಿ ಬರೆಯುತ್ತಿದ್ದೇನೆ. ರಾಣಿಯ ತಲೆಯ ಆ ಬೆಳ್ಳಿ ನಾಣ್ಯ ನಿಮಗೆ ನೆನಪಿರಲೇಬೇಕು. ಹತ್ತೊಂಬತ್ತನೇ ಶತಮಾನದ ಪ್ರೂಫ್ ನಾಣ್ಯ. ಸಂಗ್ರಾಹಕರ ಪ್ರದರ್ಶನದಲ್ಲಿ ಇವರು ಒಂದೇ ಒಂದು ಸಲ ಅದನ್ನು ಹೊರಗೆ ಇಟ್ಟಿದ್ದರು. ನಿಮ್ಮ ಹರಾಜು ಸಂಸ್ಥೆಯ ಯಜಮಾನ ಬಂದು, ಬಗ್ಗಿ ನೋಡಿ, ಅಷ್ಟು ಜನರ ಎದುರಿಗೆ ಹೇಳಿದ: "ಇದು ಮೊದಲ ಟಂಕ ಅಲ್ಲ, ಮರುಟಂಕ. ಹಳೇ ಅಚ್ಚನ್ನ ಎಷ್ಟೋ ವರ್ಷ ಆದ್ಮೇಲೆ ಹೊರಗೆ ತೆಗೆದು ಹೊಡೆದಿದ್ದು. ನಮ್ಮ ಕಿವಿಗೆ ಹೂವು ಇಡೋಕೆ ಬಂದಿದಾನೆ." ಇವರು ಒಂದು ಮಾತೂ ಆಡಲಿಲ್ಲ. ನಾಣ್ಯವನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡು ನಡೆದು ಮನೆಗೆ ಬಂದರು. ಅಂದಿನಿಂದ ವ್ಯಾಪಾರಿಗಳ ಬಾಯಲ್ಲಿ ಇವರು ಸುಳ್ಳ. ನೀವು ಅದೇ ಸಂಸ್ಥೆಯ ಸಂಬಳ ತಿನ್ನುತ್ತಿದ್ದಿರಿ, ಹಾಗಾಗಿ ನಮ್ಮ ಮನೆಯ ಬಾಗಿಲು ನಿಮಗೂ ಮುಚ್ಚಿತು.

ಈಗ ವಸ್ತುಸಂಗ್ರಹಾಲಯದವರು ಹಳೆಯ ಬೆಳ್ಳಿ ನಾಣ್ಯಗಳಿಗೆಂದೇ ಒಂದು ಕೋಣೆ ಮಾಡುತ್ತಿದ್ದಾರೆ. ಈ ನಾಣ್ಯ ಮೊದಲ ಟಂಕ ಎಂದು ನೀವು ಬರೆದುಕೊಟ್ಟರೆ, ಇವರ ಹೆಸರಿನ ಸಮೇತ ಗಾಜಿನ ಒಳಗೆ ಇಡುತ್ತಾರಂತೆ. ನಾನು ದಾನವಾಗಿಯೇ ಕೊಡುತ್ತೇನೆ. ಇವರ ಹೆಸರು ಅಲ್ಲಿರಬೇಕು, ಆ ಹರಾಜಿನವನು ಬಗ್ಗಿ ಅದನ್ನು ಓದಬೇಕು. ನನಗೆ ಬೇರೇನೂ ಬೇಡ. ಸುಳ್ಳಾದರೆ ಸುಳ್ಳು ಎಂದೇ ಬರೆಯಿರಿ, ದಾಕ್ಷಿಣ್ಯ ಬೇಡ.

ಇಂತಿ,
ಕಡ್ಡಿ (ಈಗ ಅಷ್ಟು ಸಣ್ಣಗಿಲ್ಲ)


ಫೆಬ್ರವರಿ ೨೦

ಕಡ್ಡಿಗೆ,

ಗಿರಾಕಿಯಂತೆ, ಗಿರಾಕಿ. ನಿನ್ನ ಹಾಲುಹಲ್ಲನ್ನು ಬಾಗಿಲಿಗೆ ದಾರ ಕಟ್ಟಿ ಕಿತ್ತವನು ನಾನು. ನಿನ್ನ ಪತ್ರ ಓದಿ ಅತ್ತೆ. ಈ ವಯಸ್ಸಿನಲ್ಲಿ ಅದಕ್ಕೆ ನಾಚಿಕೆಯೇನೂ ಇಲ್ಲ.

ಆ ಹರಾಜು ಸಂಸ್ಥೆಯನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಈಗ ಗಡಿಯಾರ ರಿಪೇರಿ ಅಂಗಡಿಯ ಮೇಲಿನ ಕೋಣೆಯಲ್ಲಿ ಒಬ್ಬನೇ ಕೂತು ಕೆಲಸ ಮಾಡುತ್ತೇನೆ. ಒಂದು ಮೇಜು, ಒಂದು ದೀಪ, ಒಂದು ತಕ್ಕಡಿ, ಒಂದು ಸೂಕ್ಷ್ಮದರ್ಶಕ. ಕಿವಿ ಪೂರ್ತಿ ಕೈಕೊಟ್ಟಿದೆ. ಕೆಳಗೆ ಅಷ್ಟೂ ಗಡಿಯಾರಗಳು ಒಟ್ಟಿಗೆ ಹೊಡೆದರೂ ನನಗೆ ಮೇಜು ಸ್ವಲ್ಪ ನಡುಗಿದ ಹಾಗೆ ಆಗುತ್ತದೆ, ಅಷ್ಟೆ. ಆದ್ದರಿಂದ ಫೋನು ಮಾಡಿ ನಿನ್ನ ಗಂಟಲು ಹರಿದುಕೊಳ್ಳಬೇಡ, ಕಾಗದವನ್ನೇ ಬರೆ.

ನಾಣ್ಯವನ್ನು ಕಳಿಸು. ಆದರೆ ಮೊದಲು ಇಷ್ಟು ತಿಳಿದುಕೋ. ಪ್ರೂಫ್ ನಾಣ್ಯ ಚಲಾವಣೆಗೆ ಹೊಡೆದದ್ದಲ್ಲ, ತೋರಿಸುವುದಕ್ಕೆ ಹೊಡೆದದ್ದು. ಅಚ್ಚನ್ನೂ ಬೆಳ್ಳಿಯ ಬಿಲ್ಲೆಯನ್ನೂ ಕನ್ನಡಿಯಂತೆ ಹೊಳೆಯುವವರೆಗೆ ಉಜ್ಜಿ, ಒಂದೇ ಬಿಲ್ಲೆಗೆ ಎರಡು ಸಲ ಹೊಡೆಯುತ್ತಾರೆ. ರಾಣಿಯ ಮುಖ ಹಿಮದ ಹಾಗೆ ಬಿಳಿ, ಸುತ್ತಲಿನ ಬಯಲು ಕನ್ನಡಿ. ಆ ಕನ್ನಡಿಯನ್ನು ಬೆರಳಿನಿಂದ ಮುಟ್ಟಬಾರದು, ಬಟ್ಟೆಯಿಂದ ಒರೆಸಬಾರದು. ಅಂಚಿನಲ್ಲಿ ಮಾತ್ರ ಹಿಡಿಯಬೇಕು.

ಎಲ್ಲಕ್ಕಿಂತ ಮುಖ್ಯ, ತೆರೆದ ನಾಣ್ಯದ ಮುಂದೆ ಮಾತಾಡಬೇಡ. ಮಾತಾಡುವಾಗ ಬಾಯಿಂದ ಕಣ್ಣಿಗೆ ಕಾಣದ ಉಗುಳು ಹಾರುತ್ತದೆ. ಅದು ಬೆಳ್ಳಿಯ ಕನ್ನಡಿಯ ಮೇಲೆ ಬಿದ್ದರೆ ಆ ದಿನ ಏನೂ ಗೊತ್ತಾಗುವುದಿಲ್ಲ. ವಾರಗಳು, ಕೆಲವು ಸಲ ತಿಂಗಳುಗಳು ಕಳೆದ ಮೇಲೆ ಕಪ್ಪು ಚುಕ್ಕೆಯಾಗಿ ಮೇಲೆ ಏಳುತ್ತದೆ. ಹಳೆಯ ಸಂಗ್ರಾಹಕರೆಲ್ಲ ಇದಕ್ಕೇ ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೂರುತ್ತಿದ್ದರು. ನಿನ್ನವನಿಗೆ ಬಟ್ಟೆಯೂ ಬೇಕಿರಲಿಲ್ಲ ಬಿಡು. ನಾವೆಲ್ಲ ಅವನನ್ನು ಗಪ್‌ಚುಪ್ ಎಂದು ಕರೆಯುತ್ತಿದ್ದೆವು. ಒಳ್ಳೆಯ ಮನುಷ್ಯ. ಅವನ ಹತ್ತಿರ ಮಾತಾಡಿಸಿಕೊಳ್ಳುವುದಕ್ಕಿಂತ ಗೋಡೆಯ ಹತ್ತಿರ ಸಾಲ ಕೇಳುವುದು ಸುಲಭ ಎನ್ನುತ್ತಿದ್ದೆವು.

ನಿನ್ನ,
ಮಾವ


ಮಾರ್ಚ್ ೨

ಮಾವ,

ನಾಣ್ಯ ಕಳಿಸಿದ್ದೇನೆ. ಕೊರಿಯರಿನವನು ಅಲುಗಿಸಿ ನೋಡಲು ಹೊರಟ, ಕೈಗೆ ಒಂದು ಏಟು ಕೊಟ್ಟೆ.

ಪೆಟ್ಟಿಗೆಯ ಮುಚ್ಚಳವನ್ನು ನಾನು ತೆಗೆದಿಲ್ಲ. ಅದು ಇವರ ಮಂಚದ ಪಕ್ಕದ ಡ್ರಾಯರಿನಲ್ಲಿತ್ತು, ಅಲ್ಲಿಂದ ಎತ್ತಿ ಹಾಗೆಯೇ ಕಟ್ಟಿದೆ. ಮನೆಯಲ್ಲಿ ನನ್ನನ್ನು ಬಿಟ್ಟರೆ ಯಾರೂ ಇಲ್ಲ. ನಾನೂ ಇಡೀ ದಿನ ಕನ್ನಡಕದ ಅಂಗಡಿಯ ಕೌಂಟರಿನಲ್ಲಿ ಇರುತ್ತೇನೆ. ಜೊತೆಗೆ ಒಂದು ಫೋಟೋ ಇದೆ. ಕಳೆದ ವರ್ಷ ಬೇಸಿಗೆಗೆ ಮುಂಚೆ ಇವರೇ ತೆಗೆದದ್ದು. ಅದನ್ನು ತೆಗೆಯುವಾಗಲೂ ಮೂಗಿನವರೆಗೆ ಬಟ್ಟೆ ಕಟ್ಟಿಕೊಂಡಿದ್ದರು. ದರೋಡೆಗೆ ಹೊರಟ ಹಾಗಿದೆ ಎಂದು ನಾನು ನಕ್ಕಿದ್ದೆ. ಕಣ್ಣಿನಲ್ಲೇ ಬೈದಿದ್ದರು.

ಬೇಗ ಬರೆಯಿರಿ. ಕಾಯುವುದು ನನಗೆ ಆಗುವುದಿಲ್ಲ.

ಇಂತಿ,
ಕಡ್ಡಿ


ಮಾರ್ಚ್ ೧೯

ಕಡ್ಡಿ,

ಮೊದಲು ಕೂತುಕೋ. ನಿನ್ನ ಗಂಡ ಸುಳ್ಳನಲ್ಲ.

ತೂಕ ಸರಿ. ಅಂಚಿನ ಗೀರುಗಳು ಸರಿ. ಮರುಟಂಕದ ಕಾಲಕ್ಕೆ ಅಚ್ಚು ಪೆಟ್ಟಿಗೆಯಲ್ಲಿ ಕೂತು ತುಕ್ಕು ಹಿಡಿದಿತ್ತು. ಆ ತುಕ್ಕಿನ ಗುಳಿಗಳಿಗೆ ಬೆಳ್ಳಿ ಹೊಕ್ಕು, ನಾಣ್ಯದ ಮೇಲೆ ರಾಣಿಯ ಕುತ್ತಿಗೆಯ ಕೆಳಗೆ ಸಣ್ಣ ಸಣ್ಣ ಬೊಬ್ಬೆಗಳಾಗಿ ಕಾಣುತ್ತದೆ. ಇದರಲ್ಲಿ ಹುಡುಕಿದರೂ ಒಂದಿಲ್ಲ. ಇಸವಿಯ ಪಕ್ಕದಲ್ಲಿ ಕೂದಲೆಳೆಯಷ್ಟು ಒಂದು ಗೆರೆ ಇದೆ. ಅದು ಕೊರೆದ ಗೆರೆಯಲ್ಲ, ಉಬ್ಬಿದ ಗೆರೆ. ಕೊರೆದ ಗೆರೆ ಆಮೇಲೆ ಯಾರೋ ಒರೆಸಿದ್ದರಿಂದ ಆಗುವಂಥದ್ದು. ಉಬ್ಬಿದ ಗೆರೆ ಅಚ್ಚಿನಲ್ಲೇ ಇದ್ದದ್ದು, ಅದನ್ನು ಉಜ್ಜಿ ಹೊಳಪು ಕೊಟ್ಟವನ ಕೈಯದು. ಆ ಗೆರೆ ಮೊದಲು ಹೊಡೆದ ಕೆಲವೇ ನಾಣ್ಯಗಳಲ್ಲಿದೆ, ಆಮೇಲೆ ಸವೆದು ಹೋಗಿದೆ. ಆ ಹರಾಜಿನವನು ಅಂದು ಭೂತಗನ್ನಡಿ ಇಲ್ಲದೆ ಬರಿಗಣ್ಣಿನಲ್ಲಿ ನೋಡಿ ಬಾಯಿಗೆ ಬಂದದ್ದು ಹೇಳಿದ್ದಾನೆ. ಇದು ಮೊದಲ ಟಂಕ. ಎಲ್ಲಿ ಬೇಕಾದರೂ ನಿಂತು ಹೇಳುತ್ತೇನೆ.

ಒಂದು ವಿಷಯ ಮಾತ್ರ ನನ್ನನ್ನು ಕಾಡುತ್ತಿದೆ. ರಾಣಿಯ ತುಟಿಯ ಎದುರು, ಕನ್ನಡಿಯ ಬಯಲಿನಲ್ಲಿ, ಸೂಜಿಯ ಮೊನೆಯಷ್ಟು ಕೆಲವು ಕಪ್ಪು ಚುಕ್ಕೆಗಳಿವೆ. ನೀನು ಕಳಿಸಿದ ಫೋಟೋದಲ್ಲಿ ಅವು ಇಲ್ಲ. ಅಂದರೆ ಆ ಫೋಟೋ ತೆಗೆದ ಮೇಲೆ ಯಾರೋ ಈ ನಾಣ್ಯವನ್ನು ತೆರೆದು, ತೀರಾ ಹತ್ತಿರದಿಂದ ಮಾತಾಡಿದ್ದಾರೆ. ನೋಡುವುದಕ್ಕೆ ರಾಣಿಯೇ ಏನೋ ಹೇಳಲು ಬಾಯಿ ತೆರೆದ ಹಾಗಿದೆ. ಬೈಯುತ್ತಿಲ್ಲ, ಸುಮ್ಮನೆ ಕೇಳುತ್ತಿದ್ದೇನೆ. ಯಾರು ಅದು?

ನಿನ್ನ,
ಮಾವ


ಮಾರ್ಚ್ ೨೮

ಮಾವ,

ನಿಮ್ಮ ಪತ್ರದ ಮೊದಲ ಸಾಲನ್ನು ಓದಿ, ಅಂಗಡಿಯಲ್ಲೇ, ಗಿರಾಕಿಯ ಮೂಗಿನ ಮೇಲೆ ಕನ್ನಡಕವನ್ನು ಅರ್ಧಕ್ಕೇ ಬಿಟ್ಟು ಒಳಗೆ ಹೋಗಿ ಅತ್ತೆ. ಆಕೆ ಪಾಪ ಹಾಗೇ ಕಾಯುತ್ತಿದ್ದರು.

ಆದರೆ ನಿಮ್ಮ ಕೊನೆಯ ಪ್ರಶ್ನೆಗೆ ನನಗೆ ಸಿಟ್ಟು ಬಂದಿದೆ. ಯಾರೂ ಮಾತಾಡಿಲ್ಲ. ನಾನು ತೆರೆಯಲಿಲ್ಲ. ಬಂದು ಹೋಗುವವರಿಗೆ ಆ ಡ್ರಾಯರಿನಲ್ಲಿ ಏನಿದೆ ಎಂದೇ ಗೊತ್ತಿಲ್ಲ. ಇವರಂತೂ ಮಾತಾಡಿರಲು ಸಾಧ್ಯವೇ ಇಲ್ಲ. ಹೇಗೆ ಇಷ್ಟು ಖಡಾಖಂಡಿತವಾಗಿ ಹೇಳುತ್ತಿದ್ದೇನೆ ಎಂದು ಕೇಳಬೇಡಿ, ನಂಬಿ. ನಿಮ್ಮ ಕೋಣೆಯಲ್ಲಿ ಯಾರಾದರೂ ಮಾತಾಡಿದ್ದಾರಾ ನೋಡಿ. ಕಿವಿ ಕೇಳದವರು ಜೋರಾಗಿ ಮಾತಾಡುತ್ತಾರೆ ಎಂದು ಕೇಳಿದ್ದೇನೆ.

ಇಂತಿ,
ಕಡ್ಡಿ


ಏಪ್ರಿಲ್ ೨೨

ಕಡ್ಡಿ,

ನಿನ್ನ ಏಟು ನನಗೆ ತಾಗಿತು, ಒಳ್ಳೆಯ ಏಟು. ಆದರೆ ನಾನು ಬಾಯಿಗೆ ಬಟ್ಟೆ ಕಟ್ಟದೆ ಯಾವ ನಾಣ್ಯವನ್ನೂ ತೆರೆದವನಲ್ಲ.

ಚುಕ್ಕೆಗಳು ಹೆಚ್ಚಾಗಿವೆ. ನಾಣ್ಯವನ್ನು ಗಾಳಿಯಾಡದ ಪೆಟ್ಟಿಗೆಯಲ್ಲಿ ಇಟ್ಟು ಅಂಟು ಪಟ್ಟಿ ಹಾಕಿದ್ದೆ. ಪಟ್ಟಿ ಹಾಗೇ ಇತ್ತು. ಒಳಗೆ ರಾಣಿಯ ತುಟಿಯ ಮುಂದೆ ಹೊಸ ಚುಕ್ಕೆಗಳು ಎದ್ದಿದ್ದವು. ಮೊದಲು ಹೆದರಿದೆ, ಆಮೇಲೆ ನನ್ನ ಮೇಲೆ ನಾನೇ ನಕ್ಕೆ. ಇದರಲ್ಲಿ ವಿಚಿತ್ರವೇನೂ ಇಲ್ಲ. ಆಗಲೇ ಬಿದ್ದಿದ್ದ ಹನಿಗಳು ಈಗ ಒಂದೊಂದಾಗಿ ಕಾಣಿಸಿಕೊಳ್ಳುತ್ತಿವೆ. ಬೆಳ್ಳಿ ನಿಧಾನ. ನೀನು ಇಂದು ಆಡಿದ ಮಾತು ಅದಕ್ಕೆ ಕೇಳಿಸುವುದು ಯಾವಾಗಲೋ.

ಹಾಗಾದರೆ ಆಡಿದವರು ಯಾರು ಎಂಬ ಪ್ರಶ್ನೆ ಹಾಗೇ ಉಳಿಯುತ್ತದಲ್ಲ. ಅದಕ್ಕೊಂದು ಪರೀಕ್ಷೆ ಮಾಡಿದೆ. ಬೆಲೆಯಿಲ್ಲದ ಹೊಸ ಬೆಳ್ಳಿ ಬಿಲ್ಲೆಗಳನ್ನು ಸಾಲಾಗಿ ಇಟ್ಟು, ಒಂದೊಂದರ ಮುಂದೆ ಬಗ್ಗಿ ಮಾತಾಡಿದೆ. ಚುಕ್ಕೆ ಬೇಗ ಏಳಲಿ ಎಂದು ತೇವದ ಡಬ್ಬಿಯಲ್ಲಿ ಇಟ್ಟೆ. ಏನು ಮಾತಾಡಿದೆ ಎಂದು ಕೇಳಬೇಡ, ನಿನ್ನನ್ನೇ ಬೈದೆ. ಸರಿಯಾದ ಬಾಯಿಂದ ಹಾರಿದ ಹನಿ ಎರಡೂ ಕಡೆಗೆ ಚೆದುರುತ್ತದೆ. ನಿನ್ನ ನಾಣ್ಯದ ಚುಕ್ಕೆಗಳು ಹಾಗಿಲ್ಲ. ಪ್ರತಿಯೊಂದಕ್ಕೂ ಒಂದು ಸಣ್ಣ ಬಾಲವಿದೆ, ಎಲ್ಲ ಬಾಲಗಳೂ ಎಡಕ್ಕೇ ತಿರುಗಿವೆ. ಕೊನೆಗೆ ನನ್ನ ಕೆನ್ನೆಯನ್ನು ಹೆಬ್ಬೆರಳಿನಿಂದ ಎಡಕ್ಕೆ ಎಳೆದು ಹಿಡಿದು ಮಾತಾಡಿದೆ. ಆ ಬಿಲ್ಲೆಯಲ್ಲಿ ಚುಕ್ಕೆಗಳು ನಿನ್ನ ನಾಣ್ಯದ ಹಾಗೇ ಬಿದ್ದವು. ಈ ನಾಣ್ಯದ ಮುಂದೆ ಮಾತಾಡಿದವನ ಬಾಯಿ ಎಡಗಡೆಗೆ ಸೊಟ್ಟಗಿತ್ತು. ಅಂಥವರು ಯಾರಾದರೂ ನಿನಗೆ ಗೊತ್ತೇ?

ಇನ್ನೊಂದು ವಿಷಯ ಬರೆಯಬೇಕೋ ಬೇಡವೋ ಎಂದು ಎರಡು ಮನಸ್ಸಾಗಿತ್ತು. ಬರೆದೇ ಬಿಡುತ್ತೇನೆ. ನಮ್ಮ ಮೆಟ್ಟಿಲು ಒರೆಸುವಾಕೆ ಮೊನ್ನೆ ಬೆಳಗ್ಗೆ ನಾನು ಬರುವುದನ್ನೇ ಕಾಯುತ್ತಾ ಬಾಗಿಲ ಬಳಿ ನಿಂತಿದ್ದಳು. ಅವಳು ಹೇಳುವುದನ್ನು ನಾನು ತುಟಿ ನೋಡಿಯೇ ತಿಳಿಯುವುದು, ಹಾಗಾಗಿ ಎರಡು ಸಲ ಹೇಳಿಸಿದೆ.

"ನಿಮ್ಮ ರೂಮಲ್ಲಿ ಯಾರಿದಾರೆ?"

"ಯಾರೂ ಇಲ್ವಲ್ಲಮ್ಮ. ಬೀಗ ಈಗ ತೆಗೀತಿದೀನಿ."

"ಒಳಗೆ ಯಾರೋ ಮಾತಾಡ್ತಿದ್ರು. ಒಂದೇ ಮಾತನ್ನ ತಿರುಗಿಸಿ ತಿರುಗಿಸಿ ಹೇಳ್ತಿದ್ರು. ಪೂರ್ತಿ ಬರ್ತಿರಲಿಲ್ಲ. ಚಿಕ್ಕ ಮಕ್ಕಳು ಮಾತು ಕಲೀತಾವಲ್ಲ, ಹಂಗೆ. ಆದ್ರೆ ಗಂಡಸಿನ ದನಿ."

ಒಳಗೆ ಹೋಗಿ ನೋಡಿದೆವು. ಮೇಜು, ದೀಪ, ತಕ್ಕಡಿ. ಕೆಳಗಿನ ಗಡಿಯಾರದ ಅಂಗಡಿಯಲ್ಲಿ ರೇಡಿಯೋ ಇದೆ, ಅದರ ಸದ್ದೇ ಇರಬೇಕು ಎಂದು ಅವಳಿಗೆ ಹೇಳಿದೆ. ಅವಳು ನಂಬಲಿಲ್ಲ. ನನಗಂತೂ ಇದ್ದರೂ ಕೇಳಿಸುವುದಿಲ್ಲವಲ್ಲ.

ನಿನ್ನ,
ಮಾವ


ಮೇ ೧

ಮಾವ,

ನಾನು ನಿಮಗೆ ಹೇಳದೇ ಬಿಟ್ಟದ್ದನ್ನು ನಿಮಗೆ ಯಾರು ಹೇಳಿದರು? ಇಲ್ಲಿಯವರು ಯಾರಾದರೂ ಬರೆದರೇ? ಬರೆದಿದ್ದರೆ ಹಾಗೆಂದು ಹೇಳಿ, ಬೇಜಾರಿಲ್ಲ, ನೆಮ್ಮದಿಯಾಗಿ ನಿದ್ದೆ ಮಾಡುತ್ತೇನೆ.

ಕಳೆದ ಜೂನ್‌ನಲ್ಲಿ ಇವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಬಾಯಿ ಎಡಕ್ಕೆ ಎಳೆದುಕೊಂಡಿತು. ಮಾತು ಪೂರ್ತಿ ನಿಂತಿತು. ಹಾಗೆಯೇ ನಾಲ್ಕು ತಿಂಗಳು ಮಂಚದ ಮೇಲಿದ್ದು ಹೋದರು. ಅದಕ್ಕೇ ಇವರು ಮಾತಾಡಿರಲು ಸಾಧ್ಯವಿಲ್ಲ ಎಂದು ಅಷ್ಟು ಜೋರಾಗಿ ಬರೆದದ್ದು.

ಮಾತು ಕಲಿಸಲು ಆಸ್ಪತ್ರೆಯಿಂದ ಒಬ್ಬ ಟೀಚರಮ್ಮ ಬರುತ್ತಿದ್ದರು. ಒಳ್ಳೆಯ ಹೆಂಗಸು. "ಕನ್ನಡಿ ಮುಂದೆ ಹಿಡ್ಕೊಳ್ಳಿ ಸಾರ್, ನಿಮ್ಮ ಬಾಯಿ ಹೇಗೆ ತಿರುಗ್ತಿದೆ ನೋಡ್ಕೊಂಡು ಹೇಳಿ. ಒಂದೇ ಪದ ಸಾಕು. ಯಾವ ಪದ ಅಂತ ನೀವೇ ಆರಿಸಿಕೊಳ್ಳಿ. ನಿಮಗೆ ಹೇಳ್ಬೇಕು ಅಂತ ತುಂಬ ಆಸೆ ಇರೋದು," ಎಂದು ಹೇಳಿಕೊಡುತ್ತಿದ್ದರು. ನಾನು ಅಂಗಡಿಯಿಂದ ಕೈಗನ್ನಡಿ ತಂದುಕೊಟ್ಟೆ. ಇವರು ಒಂದು ಸಲ ಅದರಲ್ಲಿ ಮುಖ ನೋಡಿಕೊಂಡರು. ಆಮೇಲೆ ಅದನ್ನು ಹಾಸಿಗೆಯ ಮೇಲೆ ಬೋರಲು ಹಾಕಿದರು. ಮತ್ತೆ ಎಷ್ಟು ಸಲ ಕೊಟ್ಟರೂ ಬೋರಲು. ಸ್ವಲ್ಪ ದಿನ ನೋಡಿ ಟೀಚರಮ್ಮ ಬರುವುದನ್ನು ನಿಲ್ಲಿಸಿದರು. "ಅವರಿಗೇ ಇಷ್ಟ ಇಲ್ಲಮ್ಮ," ಎಂದರು.

ಇಷ್ಟ ಇಲ್ಲ. ಆ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿದೆ. ಚೆನ್ನಾಗಿದ್ದಾಗಲೂ ಮಾತಿಗೆ ಜಿಪುಣ. ಹೋಗುವ ಹೊತ್ತಿನಲ್ಲಾದರೂ ಒಂದು ಪದ ನನಗೆ ಎಂದು ಪ್ರಯತ್ನ ಮಾಡಲಿಲ್ಲವಲ್ಲ, ಮಾವ. ಇಷ್ಟು ವರ್ಷ ಒಟ್ಟಿಗಿದ್ದವಳಿಗೆ ಹೇಳುವಂಥದ್ದು ಏನೂ ಇರಲಿಲ್ಲವೇ ಎಂದು ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಈಗ ನೀವು ಬಾಯಿ ಸೊಟ್ಟಗಿತ್ತು ಎನ್ನುತ್ತೀರಿ. ನಿಮ್ಮ ಮೆಟ್ಟಿಲು ಒರೆಸುವಾಕೆ ಗಂಡಸಿನ ದನಿ ಎನ್ನುತ್ತಾಳೆ. ನನಗೆ ಭಯವಾಗುತ್ತಿದೆ.

ಇಂತಿ,
ಕಡ್ಡಿ


ಮೇ ೨೫

ಕಡ್ಡಿ ಮಗಳೇ,

ನನಗೆ ಯಾರೂ ಬರೆದಿಲ್ಲ. ನಾಣ್ಯ ಹೇಳಿದ್ದನ್ನಷ್ಟೇ ಬರೆದೆ.

ನಿನ್ನ ಪತ್ರ ಬಂದ ದಿನ ಬಾಗಿಲು ಹಾಕಿಕೊಂಡು, ಕೋಣೆಯ ಬೆಂಚಿನ ಮೇಲೆ ಮಲಗಿದೆ. ಬಲಗೈಯನ್ನು ಬೆನ್ನ ಕೆಳಗೆ ಹಾಕಿಕೊಂಡೆ. ಎಡಗೈಯಿಂದ ಆ ಪೆಟ್ಟಿಗೆಯ ಮುಚ್ಚಳ ತೆಗೆಯಲು ಆಗುತ್ತದೆಯೇ ನೋಡಿದೆ. ಆಗುತ್ತದೆ, ಹೆಬ್ಬೆರಳಿನಿಂದ ಒತ್ತಿದರೆ ಸಾಕು. ಬಾಯಿಗೆ ಬಟ್ಟೆ ಕಟ್ಟಿಕೊಂಡು, ನಾಣ್ಯವನ್ನು ಅಂಚಿನಲ್ಲಿ ಹಿಡಿದು ಮುಖದ ಮೇಲೆ ಎತ್ತಿದೆ. ಆಗ ಗೊತ್ತಾಯಿತು. ಇಷ್ಟು ವರ್ಷ ಪ್ರೂಫ್ ನಾಣ್ಯಗಳನ್ನು ನೋಡುತ್ತಲೇ ಇದ್ದೇನೆ, ಅದರಲ್ಲಿ ನನ್ನನ್ನು ನೋಡಿಕೊಂಡಿರಲಿಲ್ಲ. ರಾಣಿಯ ಮುಖದ ಮುಂದೆ ಖಾಲಿ ಬಿಟ್ಟಿರುವ ಜಾಗ ಬಹಳ ಚಿಕ್ಕದು. ಅದರಲ್ಲಿ ಪೂರ್ತಿ ಮುಖ ಕಾಣುವುದಿಲ್ಲ, ನನಗೆ ಬಾಯಿಯ ಮೇಲಿನ ಬಟ್ಟೆ ಮಾತ್ರ ಕಂಡಿತು. ಬಟ್ಟೆ ಇಲ್ಲದಿದ್ದರೆ ಬಾಯಿಯಷ್ಟೇ ಕಾಣುತ್ತದೆ.

ನಿನ್ನ ಕೈಗನ್ನಡಿಯಲ್ಲಿ ಅವನಿಗೆ ಕಂಡದ್ದು ಇಳಿದುಹೋದ ಕಣ್ಣು, ಜೋತ ಕೆನ್ನೆ, ಅದರ ಹಿಂದೆ ನಿಂತ ನಿನ್ನ ಮುಖ. ಅದನ್ನು ಅವನು ಬೋರಲು ಹಾಕಿದ. ನೀನು ಅಂಗಡಿಗೆ ಹೋದ ಮೇಲೆ ಡ್ರಾಯರು ತೆಗೆದು, ಈ ಚಿಕ್ಕ ಕನ್ನಡಿಯಲ್ಲಿ ಬಾಯಿಯೊಂದನ್ನೇ ನೋಡಿಕೊಂಡು ಅಭ್ಯಾಸ ಮಾಡಿದ್ದಾನೆ. ತೆರೆದ ನಾಣ್ಯದ ಮುಂದೆ ಎಂದೂ ಬಾಯಿ ಬಿಡದವನು. ಹೀಗೆ ಮಾಡಿದರೆ ನಾಣ್ಯ ಹಾಳಾಗುತ್ತದೆ ಎಂದು ನನಗಿಂತ ಚೆನ್ನಾಗಿ ಗೊತ್ತಿದ್ದವನು. ಎಷ್ಟು ಸಲ ಹೇಳಿರಬೇಕು ಎಂದರೆ, ಇನ್ನೂ ಚುಕ್ಕೆಗಳು ಮುಗಿದಿಲ್ಲ. ಆದರೂ ಕನ್ನಡಿಯ ಮೇಲೆ ಒಂದೇ ಒಂದು ಬೆರಳಿನ ಗುರುತಿಲ್ಲ. ಒಂದು ಕೈಯಲ್ಲಿ, ಮಲಗಿಕೊಂಡು, ಕೊನೆಯವರೆಗೂ ಅಂಚಿನಲ್ಲೇ ಹಿಡಿದಿದ್ದಾನೆ. ಏನು ಹೇಳುತ್ತಿದ್ದ ಎಂಬುದು ನನಗೆ ಗೊತ್ತಿಲ್ಲ. ಚುಕ್ಕೆಯಿಂದ ಪದ ಓದುವ ವಿದ್ಯೆ ಯಾರಿಗೂ ಇಲ್ಲ.

ಈಗ ಕಷ್ಟದ ವಿಷಯ. ಸಂಗ್ರಹಾಲಯದವರು ನನ್ನ ವರದಿಯನ್ನು ಒಪ್ಪಿದರು. ಆದರೆ ಬೆಳೆಯುತ್ತಿರುವ ಚುಕ್ಕೆಗಳಿರುವ ನಾಣ್ಯವನ್ನು ಬೇರೆ ನಾಣ್ಯಗಳ ಪಕ್ಕದಲ್ಲಿ ಇಡಲು ಅವರು ತಯಾರಿಲ್ಲ. ತಮ್ಮ ಪ್ರಯೋಗಾಲಯದಲ್ಲಿ ಒಂದು ದ್ರಾವಣದಲ್ಲಿ ಅದ್ದಿ ತೆಗೆಯುತ್ತಾರಂತೆ. ಎದ್ದ ಚುಕ್ಕೆಗಳೂ ಹೋಗುತ್ತವೆ, ಒಳಗೆ ಕಾಯುತ್ತಿರುವವೂ ಹೋಗುತ್ತವೆ. ಕನ್ನಡಿ ಸ್ವಲ್ಪ ಮಂಕಾಗುತ್ತದೆ, ಹೆಸರು ಗಾಜಿನ ಒಳಗೆ ನಿಲ್ಲುತ್ತದೆ. ಬೇಡವೆಂದರೆ ನಾಣ್ಯ ವಾಪಸ್ಸು. ನನ್ನ ಸರ್ಟಿಫಿಕೇಟು ಮಾತ್ರ ಉಳಿದರೆ ಹರಾಜಿನವನು ಏನು ಹೇಳುತ್ತಾನೆ ಎಂದು ನಾನು ನಿನಗೆ ಹೇಳಬೇಕಾಗಿಲ್ಲ. ಹೆಂಡತಿಯ ಸೋದರಮಾವ ಬರೆದುಕೊಟ್ಟದ್ದು ಎಂದು ನಗುತ್ತಾನೆ. ಯೋಚಿಸಿ ಬರೆ.

ಒಂದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಅವನು ಹೋಗಿ ಇಷ್ಟು ತಿಂಗಳಾಯಿತು. ನನಗೆ ತಿಳಿದ ಮಟ್ಟಿಗೆ ಹೊಸ ಚುಕ್ಕೆ ಏಳುವುದು ಇಷ್ಟು ಹೊತ್ತಿಗೆ ನಿಲ್ಲಬೇಕಿತ್ತು. ನಿಂತಿಲ್ಲ. ಮೊದಲಿನ ಚುಕ್ಕೆಗಳ ಬಾಲ ಉದ್ದ, ಈಚಿನವುಗಳ ಬಾಲ ಗಿಡ್ಡ. ಬಾಯಿ ಸ್ವಲ್ಪ ಸ್ವಲ್ಪವಾಗಿ ನೇರವಾಗುತ್ತಿರುವ ಹಾಗೆ. ಮೆಟ್ಟಿಲು ಒರೆಸುವಾಕೆ ನನ್ನ ಬಾಗಿಲವರೆಗೆ ಬರುವುದನ್ನು ಬಿಟ್ಟಿದ್ದಾಳೆ.

ನಿನ್ನ,
ಮಾವ


ಜೂನ್ ೧೧

ಮಾವ,

ನಿಮ್ಮ ಪತ್ರವನ್ನು ಎಷ್ಟು ಸಲ ಓದಿದೆನೋ. ಬಾಯಿಯಷ್ಟೇ ಕಾಣುತ್ತದೆ ಎಂಬ ಸಾಲಿನ ಹತ್ತಿರ ಬಂದಾಗಲೆಲ್ಲ ನಿಲ್ಲುತ್ತೇನೆ.

ನನಗೆ ಉತ್ತರ ಹೊಳೆಯಲಿಲ್ಲ. ರಜೆ ಹಾಕಿ ಸಂಗ್ರಹಾಲಯಕ್ಕೆ ಹೋದೆ. ಅಲ್ಲಿಯ ಮೇಡಂ ಚೆನ್ನಾಗಿ ಮಾತಾಡಿಸಿದರು. ಕೋಣೆ ಬಹುತೇಕ ತಯಾರಾಗಿದೆ. ಗಾಜಿನ ಒಳಗೆ ಬೂದು ಬಟ್ಟೆಯ ಮೇಲೆ ನಾಣ್ಯಗಳು, ನಡುವೆ ಒಂದು ಖಾಲಿ ಗುಂಡಿ, ಅದರ ಕೆಳಗೆ ಅಚ್ಚು ಹಾಕಿದ ಚೀಟಿ. ಇವರ ಪೂರ್ತಿ ಹೆಸರು, ತಂದೆಯ ಹೆಸರಿನ ಸಮೇತ. ಪಕ್ಕದಲ್ಲಿ "ಮೊದಲ ಟಂಕ". "ನಿಮ್ದು ಬಂದ ದಿನಾನೇ ಒಳಗಿಟ್ಟು ಬೀಗ ಹಾಕ್ತೀವಿ," ಎಂದರು. ನನಗೆ ಅಲ್ಲೇ ಕೂತುಬಿಡಬೇಕು ಅನ್ನಿಸಿತು. ಇದನ್ನು ನೋಡಬೇಕೆಂದು ಎಷ್ಟು ವರ್ಷ ಹಲ್ಲು ಕಚ್ಚಿಕೊಂಡಿದ್ದೆ. ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ. ಹೂಂ ಎನ್ನಲು ಬಾಯಿ ತೆರೆದೆ.

ಆಗ ಮೇಡಂ ಸಹಜವಾಗಿ ಕೇಳಿದರು, "ತೊಳೆದ ಮೇಲೆ ಹೊಸದರ ಹಾಗೆ ಆಗುತ್ತೆ. ನಿಮಗೂ ಅದೇ ಬೇಕಲ್ವಾ?"

ನಾನು ಬೇಡವೆಂದು ತಲೆ ಅಲ್ಲಾಡಿಸಿ ಬಂದುಬಿಟ್ಟೆ. ಆ ಹೆಸರನ್ನು ಯಾರು ಬೇಕಾದರೂ ಓದಬಹುದು, ಮಾವ. ಈ ಚುಕ್ಕೆಗಳು ನನ್ನವು. ಇವರು ಸುಳ್ಳನಲ್ಲ ಎಂದು ನನಗೆ ಗೊತ್ತು, ನಿಮಗೆ ಗೊತ್ತು. ಊರಿಗೆಲ್ಲ ಗೊತ್ತಾಗಲಿ ಎಂದು ಇವರು ಆಡಿದ್ದನ್ನು ನಾನೇ ಕೈಯಾರೆ ಅಳಿಸಲಾರೆ. ಹರಾಜಿನವನು ನಗುವುದಾದರೆ ನಗಲಿ.

ತೊಳೆಸಬೇಡಿ. ಹಾಗೇ ಕಳಿಸಿ.

ಇಂತಿ,
ಕಡ್ಡಿ


ಜೂನ್ ೨೦

ಕಡ್ಡಿ,

ನಾಣ್ಯವನ್ನು ನಿನ್ನ ಇಷ್ಟದಂತೆ, ಇದ್ದ ಹಾಗೇ ಕಳಿಸಿದ್ದೇನೆ. ಜೊತೆಗೆ ಸರ್ಟಿಫಿಕೇಟೂ ಇದೆ, ಯಾರು ನಗಲಿ ಬಿಡಲಿ. ಸಂಗ್ರಹಾಲಯದವರು ಆ ಚೀಟಿಯನ್ನು ತೆಗೆದು, ಆ ಜಾಗಕ್ಕೆ ಬೇರೆ ನಾಣ್ಯ ಇಟ್ಟರಂತೆ. ಹರಾಜಿನವನು ಅದನ್ನು ಕೇಳಿ, ನಾನು ಆಗಲೇ ಹೇಳಿರಲಿಲ್ಲವೇ ಎಂದನಂತೆ. ನಾನು ಅವನಿಗೆ ಒಂದು ಕಾಗದ ಬರೆದಿದ್ದೇನೆ. ಅದರಲ್ಲಿರುವ ಮಾತುಗಳನ್ನು ಅಕ್ಕನ ಮಗಳಿಗೆ ಹೇಳುವಂತಿಲ್ಲ.

ಪಾರ್ಸೆಲ್ ಹೋದ ಮಾರನೆಯ ದಿನ ಮೆಟ್ಟಿಲು ಒರೆಸುವಾಕೆ ತಾನಾಗಿ ಒಳಗೆ ಬಂದು ನೆಲ ಒರೆಸಿದಳು. "ಇವತ್ತು ಸುಮ್ನಿದೆ," ಎಂದಳು. ನಾನು ತಲೆಯಾಡಿಸಿದೆ. ನನಗೆ ಅಂದಿಗೂ ಇಂದಿಗೂ ವ್ಯತ್ಯಾಸವಿಲ್ಲ, ಆದರೂ ಕೋಣೆ ಖಾಲಿ ಅನ್ನಿಸುತ್ತಿದೆ.

ನನ್ನ ಮಾತು ಕೇಳುವುದಾದರೆ, ಅದನ್ನು ಮುಚ್ಚಿಯೇ ಇಡು. ಒಬ್ಬಳೇ ಇರುವಾಗ ತೆರೆಯಬೇಡ.

ನಿನ್ನ,
ಮಾವ


ಜುಲೈ ೫

ಮಾವ,

ನಿಮ್ಮ ಮಾತು ಕೇಳಲಿಲ್ಲ.

ಇವತ್ತು ಅಂಗಡಿಗೆ ರಜೆ. ಮಧ್ಯಾಹ್ನದ ಬಿಸಿಲು ಮಂಚದ ಮೇಲೆ ಬಿದ್ದಿತ್ತು. ಮೂಗು, ಬಾಯಿ ಮುಚ್ಚುವ ಹಾಗೆ ಬಟ್ಟೆ ಕಟ್ಟಿಕೊಂಡು, ಕುರ್ಚಿ ಎಳೆದುಕೊಂಡು ಕೂತು, ಪೆಟ್ಟಿಗೆಯನ್ನು ಇವರ ದಿಂಬಿನ ಮೇಲೆ ಇಟ್ಟು ಮುಚ್ಚಳ ತೆಗೆದೆ. ನಿಮ್ಮ ಸೂಕ್ಷ್ಮದರ್ಶಕ ನನ್ನ ಹತ್ತಿರ ಇಲ್ಲ, ಅಂಗಡಿಯದೊಂದು ಮಸೂರ ತಂದಿದ್ದೆ. ನೀವು ಬರೆದದ್ದಕ್ಕಿಂತ ಹೆಚ್ಚು ಇವೆ. ಎಷ್ಟೊಂದು ಹೇಳಿದ್ದಾರೆ ಮಾವ. ನನ್ನ ಜೊತೆ ಇಷ್ಟು ವರ್ಷದಲ್ಲಿ ಆಡಿದ್ದಕ್ಕಿಂತ ಹೆಚ್ಚು.

ಕೊನೆಗೆ ಎದ್ದ ಚುಕ್ಕೆಗಳನ್ನು ಹುಡುಕಿದೆ. ಅವಕ್ಕೆ ಬಾಲವೇ ಇಲ್ಲ, ದುಂಡಗಿವೆ. ನೆಟ್ಟಗಿನ ಬಾಯಿಯವು.

ಇಷ್ಟು ದಿನ ಹೇಳುತ್ತಿರುವವರಿಗೆ ಕೇಳಿಸಿತು ಎಂದು ಯಾರಾದರೂ ಹೇಳಬೇಕಲ್ಲ. ಬಟ್ಟೆ ಬಿಚ್ಚಿದೆ. ನಾಣ್ಯವನ್ನು ಅಂಚಿನಲ್ಲಿ ಎತ್ತಿ ಹಿಡಿದೆ. ಅದರಲ್ಲಿ ನನ್ನ ಬಾಯಿ ಕಂಡಿತು. ತೀರಾ ಹತ್ತಿರದಿಂದ ಹೇಳಿದೆ:

"ಕೇಳಿಸ್ತು ರೀ."

ನನ್ನ ಉಸಿರಿಗೆ ಬೆಳ್ಳಿ ಮಂಜಾಯಿತು. ಅದನ್ನು ದಿಂಬಿನ ಮೇಲೆ ಇಟ್ಟು, ಬಟ್ಟೆಯನ್ನು ಮತ್ತೆ ಬಿಗಿಯಾಗಿ ಕಟ್ಟಿಕೊಂಡು, ಕುರ್ಚಿಯನ್ನು ಗೋಡೆಯವರೆಗೆ ಹಿಂದಕ್ಕೆ ಸರಿಸಿ ಕೂತೆ. ಮಂಜು ನಿಧಾನವಾಗಿ ಆರಿತು. ರಾಣಿಯ ಮುಂದಿನ ಕನ್ನಡಿ ತಿಳಿಯಾಯಿತು, ಅದರಲ್ಲಿ ಕಿಟಕಿಯ ಬೆಳಕು ಸಣ್ಣಗೆ ಹೊಳೆಯಿತು.

ಆಮೇಲೆ ಆ ಬೆಳಕು ಮಸುಕಾಯಿತು. ಕನ್ನಡಿಯ ಮೇಲೆ ಮತ್ತೆ ಮಂಜು ಕವಿಯಿತು. ಆರಿತು. ಇನ್ನೊಮ್ಮೆ ಕವಿಯಿತು.

ನಾನು ಎದ್ದು ಹೋಗಲಿಲ್ಲ, ಮಾವ. ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡೆ.

ಇಂತಿ,
ಕಡ್ಡಿ